ಗಾಳಿ ಹೋದ ಕಡೆ ಗಡಿಗಿ

ಮೊದಲ ಎಂಟು ದಿನ ನಾ ಏನೂ ಹಿಡೀಲಿಲ್ಲ.
ಕೆರಿಗೆ ಗಡಿಗಿ ಬಿಡೂದಷ್ಟ ಕೆಲಸ.
ಸೊಟ್ಟ ಆದದ್ದು, ಕಂಠ ಮುಕ್ಕಾದದ್ದು,
ಕುಂಬಾರ ಮಾಸವ್ವ ಆವಿಗಿ ಹಿಂದ ಒಗದದ್ದು,
ಬಾಯಿ ಕೆಳಗ ಮಾಡಿ ಏಳು ಗಡಿಗಿ.

"ಬಾತು ನೋಡಲಿ," ಅಂದ ಅಂಬಿಗೇರ ಗುತ್ತೆಪ್ಪ.
"ನೋಡಿ ಅಂಜಲಿ, ಅಂಜಿ ಹಾರಲಿ,
ಹಾರಿ ಬ್ಯಾಸತ್ತು ತಿರುಗಿ ಬರಲಿ.
ಯಾವುದರ ಒಂದು ಗಡಿಗಿಗೆ ಮೈ ಒತ್ತಿ
ರೆಕ್ಕ್ಯಾಗ ಕೊಕ್ಕು ಇಟ್ಟು ಮಲಗಿತು ಅಂದ್ರ
ಆವಾಗ ನನ್ನ ಕರಿ."

ಹಾನಗಲ್ಲ ಸೀಮ್ಯಾಗ ಭತ್ತ ಕೊಯ್ದಾಗಿತ್ತು.
ಕೂಳಿಯೊಳಗ ಉದುರಿದ ಕಾಳಿಗೆ
ರಾತ್ರಿಯೆಲ್ಲಾ ಬರ್‍ರಂತ ಇಳೀತಿದ್ದವು,
ಹಗಲು ಕೆರಿ ನಡುವ ನಿದ್ದಿ.
ನನಗ ಹದಿಮೂರು. ನಮ್ಮದು ಹತ್ತಿ ಹಿಂಜೋ ಮನಿ.
ಅಪ್ಪನ ಬಿಲ್ಲಿನ ಟೊಂಯ್ ಟೊಂಯ್ ಕಿವಿಯೊಳಗ,
ಅರಳಿ ಮೂಗಿನೊಳಗ, ಅನ್ನದೊಳಗ.
ಭಾರ ಇರೂದೇನರ ಒಂದನ್ನ
ಕೈಯಾಗ ಹಿಡೀಬೇಕಿತ್ತು ನಾನು.

ಒಂಬತ್ತನೇ ದಿನ ನಸುಕಿನ್ಯಾಗ
ಎಂಟನೇ ಗಡಿಗಿ ತಂದ, ಅವರ ಮನಿ ಮಜ್ಜಿಗೀದು,
ಎರಡು ಕಣ್ಣು ಕೊರದು.
"ಹೊಸಾದು ಹಾಕ್ಕೋಬಾರದು,
ಹಸಿ ಮಣ್ಣಿನ ವಾಸನಿಗೆ ಸೀನು ಬರತೈತಿ.
ಸೀನಿದಿ ಅಂದ್ರ ಕೆರಿ ಖಾಲಿ.
ಹೆಜ್ಜಿ ಎತ್ತಬ್ಯಾಡ, ರಾಡ್ಯಾಗ ಜಗ್ಗು.
ಗಾಳಿ ಹೋದ ಕಡೆ ಹೋಗು.
ಗಾಳಿಗೆ ಎದುರ ಬರೋ ಗಡಿಗೀನ
ಯಾವ ಬಾತೂ ನಂಬೂದಿಲ್ಲ, ತಮ್ಮಾ.
ಮತ್ತ, ಅದರ ಮಾರಿ ನೋಡಬ್ಯಾಡ."

ಕುತ್ತಿಗಿಮಟ ನೀರು.
ಕೆರಿ ಅಂಬೋದು ಎರಡು ಬಿಲ್ಲೆಯಷ್ಟ ಉಳೀತು.
ಹುಳಿ ಕತ್ತಲ್ಯಾಗ ನನ್ನ ಉಸಿರು ನನಗ
ಯಾವುದೋ ದೊಡ್ಡ ದನದ ಉಸಿರಾಗಿ ಕೇಳಿತು.
ಒಂದು ಬಿಲ್ಲ್ಯಾಗ ಸೂಜಿ ಬಾಲ ಬಂತು.
ಇನ್ನೊಂದರಾಗ ಕಂದು ಬೆನ್ನು,
ಅದರ ಮ್ಯಾಲೆ ಜಾರದ ಒಂದು ಹನಿ.

ಕಾಲು ಬೆಚ್ಚಗಿದ್ದೀತು ಅಂತ ತಿಳದಿದ್ದೆ.
ನೀರಿನಷ್ಟ ತಣ್ಣಗಿತ್ತು.
ಜಗ್ಗಿದೆ. ಒಂದು ಗುಳ್ಳಿ ಎದ್ದಿತು, ಅಷ್ಟ.
ಉಳಿದವು ಮಲಗೇ ಇದ್ದವು.

ದಂಡಿಗೆ ಬಂದು ನೋಡತೀನಿ:
ಕಾಲಿಗೆ ಬಿಳೇ ತಗಡಿನ ಉಂಗುರ,
ಅದರ ಮ್ಯಾಲೆ ಇರವಿ ಸಾಲಿನಂಗ ಬರಹ.
ಅಂಕಿ ಓದಿದೆ. ಅಕ್ಷರ ಇಂಗ್ಲೀಷು, ಬರಲಿಲ್ಲ.
ಗುತ್ತೆಪ್ಪ ಅದನ್ನೂ ಓದಾವಲ್ಲ.
ಹೆಬ್ಬೆಟ್ಟಿನಿಂದ ಒರಸಿ ಒರಸಿ ನೋಡಿದ.
"ಗುರುತು ಹಾಕ್ಯಾರ," ಅಂದ.
"ಕಿವಿ ಸೀಳಿದ ಕುರಿ, ಬರಿ ಕೊಟ್ಟ ಎತ್ತು
ನಮ್ಮ ಹಕ್ಕ್ಯಾಗ ಬಂದು ನಿಂತ್ರೂ
ನಮ್ಮದಾಗತೈತೇನು?"
"ಹಾರೂದಕ್ಕ ಯಾರು ಮಾಲಕ?"
"ಗೊತ್ತಿಲ್ಲ. ಅದಕ್ಕ ಬಿಡು."

ಬಿಡೂಕಿಂತ ಮೊದಲ ಎದಿ ಪುಕ್ಕ ಮುಟ್ಟಿದೆ.
ಅಪ್ಪ ಎಷ್ಟು ಹಿಂಜಿದ್ರೂ
ಹತ್ತಿ ಅಷ್ಟು ಮೆತ್ತಗ ಆಗಿರಲಿಲ್ಲ.
ಅದರ ಮಾರೀನೂ ನೋಡಿದೆ.
ಅದು ನನ್ನ ನೋಡಲಿಲ್ಲ.

ಮನ್ಯಾಗ ಅವ್ವ ಆಗಲೇ ಅರದಿದ್ದಳು,
ಬಳ್ಳೊಳ್ಳಿ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ.
ಬಾತಿನ ಮಸಾಲಿ ಬದನಿಕಾಯಿಗೆ ಬಿತ್ತು.
ಅಪ್ಪ ಎರಡು ರೊಟ್ಟಿ ಹೆಚ್ಚ ಉಂಡ,
ಏನೂ ಕೇಳಲಿಲ್ಲ.

ಆಮ್ಯಾಲೆ ಬಾಳ ಹಿಡದೆ, ಸುಳ್ಳು ಯಾಕ.
ಕಾನೂನು ಬರೋತನಕ,
ಬಂದ ಮ್ಯಾಲೂ ಎರಡು ಚಳಿಗಾಲ.
ಪ್ರತಿಯೊಂದರ ಕಾಲು ಮೊದಲ ಸವರತಿದ್ದೆ.
ಉಂಗುರ ಮತ್ತ ಸಿಗಲಿಲ್ಲ.
ಸಿಗಲಿ ಅಂತಿದ್ದೆನೋ, ಸಿಗಬಾರದು ಅಂತಿದ್ದೆನೋ,
ಇಂದಿಗೂ ಬಗೆಹರಿದಿಲ್ಲ.

ಈಗ ಹುಬ್ಬಳ್ಳ್ಯಾಗ ನನ್ನದು ಗಾದಿ ಅಂಗಡಿ.
ಹೆಲ್ಮೆಟ್ ಹಾಕ್ಕೊಂಡು ಸಿಗ್ನಲ್‌ನ್ಯಾಗ ನಿಂತಾಗ
ಒಳಗ ಅದ ಉಸಿರು, ಅದ ಹುಳಿ.
ಹಸಿರು ದೀಪ ಬಿದ್ರೂ
ಒಂದು ಗಳಿಗಿ ತಡೀತೀನಿ,
ಗಾಳಿ ಯಾವ ಕಡೆ ಐತಿ ಅಂತ.
ಹಿಂದಿನಾಂವ ಹಾರ್ನ್ ಹೊಡೀತಾನ.
ಕೆರಿ ಖಾಲಿ.